ಕರಗುತ್ತೆ ಅಂದ್ರಿ ಸರಿ, ಯಾವಾಗ ಅಂತ ಹೇಳಲೇ ಇಲ್ವಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಪೇಪರ್‌ನ ವಿಜ್ಞಾನದ ಪುಟದಲ್ಲಿ ಮುರಿದ ಮೂಳೆ ಕೂಡಿಸೋ ಜೆಲ್ ಬಂದಿದೆ, ಕೆಲಸ ಮುಗಿದ ಮೇಲೆ ತಾನೇ ಕರಗಿ ಹೋಗುತ್ತೆ ಅಂತ ಒಂದು ಸುದ್ದಿ ಇತ್ತು. ಕಾಲು ಪುಟಾನೂ ಇರಲಿಲ್ಲ, ಜೊತೆಗೆ ಒಂದು ಬಣ್ಣದ ಚಿತ್ರ, ಸಿರಿಂಜಿಂದ ನೀಲಿ ಲೋಳೆ ಥರ ಏನೋ ಮೂಳೆ ಮೇಲೆ ಬೀಳ್ತಿರೋದು. ನಾನು ಓದಿ ಪಕ್ಕಕ್ಕಿಟ್ಟೆ. ನನ್ನ ತಂಗಿ ಮಾತ್ರ ಅದನ್ನ ನೀಟಾಗಿ ಕತ್ತರಿಸಿ ಮಗನ ಎಕ್ಸ್‌ರೇ ಕವರೊಳಗೆ ಇಟ್ಕೊಂಡು ಮುಂದಿನ ಮಂಗಳವಾರ ಚೆಕಪ್‌ಗೆ ಹೋದಾಗ ಡಾಕ್ಟ್ರ ಟೇಬಲ್ ಮೇಲೆ ಇಟ್ಟೇಬಿಟ್ಲು.

ಅವಳ ಮಗನಿಗೆ 26 ವರ್ಷ, ಬೈಕಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿ ಹೊರಗೇ ಬಂದಿತ್ತು, ರಸ್ತೆ ಮಣ್ಣು ಸೇರಿ ಕೀವಾಗಿ ಸತ್ತ ಮೂಳೆ ತೆಗೆದು ತೆಗೆದು ಕೊನೆಗೆ 4 ಸೆಂಟಿಮೀಟರ್ ಮೂಳೆ ಇಲ್ಲವೇ ಇಲ್ಲ. ಡಾಕ್ಟ್ರು ಪಾಪ ಒಳ್ಳೆಯೋರು, ಪೇಪರ್ ತುಂಡು ಪೂರ್ತಿ ಓದಿದ್ರು, ಕನ್ನಡಕ ತೆಗೆದ್ರು, "ಅಮ್ಮ, ಇದು ಇಲಿಗೆ ಮಾಡಿರೋದು" ಅಂದ್ರು. ಇವಳು ಬಿಡ್ತಾಳಾ, "ಇಲಿಗೆ ಆದ್ರೆ ನಮ್ಮ ಹುಡುಗನಿಗ್ಯಾಕೆ ಆಗಲ್ಲ ಸಾರ್" ಅಂತ ಕೇಳಿದ್ಲು. ಅದಕ್ಕೆ ಕೂತು ಉತ್ತರ ಹೇಳೋಕೆ ಅವರಿಗೆ ಟೈಮೆಲ್ಲಿ, ಹೊರಗೆ ಟೋಕನ್ ಹಿಡ್ಕೊಂಡು ಜನ ಸಾಲುಗಟ್ಟಿ ನಿಂತಿದ್ರು. ಹಾಗಾಗಿ ಆ ಪ್ರಶ್ನೆ ನನ್ನ ಹತ್ರ ಬಂತು, "ಅಣ್ಣ ನೀನು ಕೆಮಿಸ್ಟ್ರಿ ಮೇಷ್ಟ್ರಲ್ವಾ, ನೀನೇ ಹೇಳು" ಅಂತ. ಪಿಯು ಕಾಲೇಜಲ್ಲಿ 31 ವರ್ಷ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದೋನು ನಾನು, ಡಾಕ್ಟರಲ್ಲ, ಆದ್ರೂ ಇಷ್ಟು ದಿನ ಓದಿ ಅವಳಿಗೆ ಹೇಳಿದ್ದನ್ನ ನಿಮಗೂ ಹೇಳೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ಕತ್ತರಿಸೋದಾದ್ರೆ ನಡುವೆ ಕತ್ತರಿಸಿ, ಕೊನೇದು ಬಿಡಬೇಡಿ.

ಜೆಲ್ ಅಂದ್ರೆ ಏನು ಅಂತ ಮೊದಲು. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಹತ್ತು ನಿಮಿಷದಲ್ಲಿ ಸುತ್ತ ಪೊರೆ ಕಟ್ಟುತ್ತಲ್ಲ ಅದೇ. ಉದ್ದುದ್ದ ಅಣುಗಳ ಬಲೆ, ಬಲೆ ತುಂಬ ನೀರು, ಆ ನೀರು ಹರಿದೂ ಹೋಗಲ್ಲ ಗಟ್ಟಿಯೂ ಆಗಲ್ಲ. ಇಂಥದ್ದನ್ನ ಮನುಷ್ಯನ ಮೈಗೆ ಬಳಸಬಹುದು ಅಂತ 1960ರಲ್ಲಿ ಪ್ರಾಗ್‌ನ ಓಟ್ಟೊ ವಿಖ್ಟರ್ಲೆ ಮತ್ತೆ ದ್ರಾಹೊಸ್ಲಾವ್ ಲೀಮ್ ಅನ್ನೋ ಇಬ್ಬರು ‘ನೇಚರ್’ ಪತ್ರಿಕೇಲಿ ಬರೆದ್ರು, ಮರುವರ್ಷ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮನೇಲೇ ಮಕ್ಕಳು ಆಡೋ ಜೋಡಣೆ ಸೆಟ್ಟಿನ ತುಂಡುಗಳಿಂದ ಮೆಷಿನ್ ಮಾಡಿ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ತಿರುಗಿಸಿದ. (ನಮ್ಮ ಕಾಲೇಜು ಲ್ಯಾಬಲ್ಲಿ ಬ್ಯೂರೆಟ್ ಒಡೆದ್ರೆ ಇಂಡೆಂಟ್ ಹಾಕಿ ಎರಡು ವರ್ಷ ಕಾಯ್ತಿದ್ವಿ, ಇರಲಿ.) ಆ ಲೆನ್ಸ್ ಜೆಲ್ ಕರಗೋದಲ್ಲ, ಕರಗಬಾರದು ಕೂಡ. ಮೂಳೆಗೆ ಬೇಕಾಗಿರೋದು ಅದಕ್ಕೆ ಉಲ್ಟಾ.

ತಂಗಿಗೆ ನಾನು ಹೇಳಿದ್ದು, ಮೂಳೆ ಕೂಡೋದು ಶುರುವಾಗೋದೇ ಜೆಲ್ಲಿಂದ, ಅದು ಯಾರೂ ಹೊಸದಾಗಿ ಕಂಡುಹಿಡಿದಿದ್ದಲ್ಲ ಅಂತ. ಮೂಳೆ ಮುರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಆ ಹೆಪ್ಪು ಅಂದ್ರೆ ಫೈಬ್ರಿನ್ ಅನ್ನೋ ಪ್ರೋಟೀನಿನ ಬಲೆ, ಅಪ್ಪಟ ಜೆಲ್, ಕರಗೋ ಜೆಲ್. ಅದರೊಳಕ್ಕೆ ಜೀವಕೋಶಗಳು ತೂರಿಕೊಂಡು ಬಂದು ಅದನ್ನ ಕಿತ್ತು ಮೊದಲು ಮೃದ್ವಸ್ಥಿ ಕಟ್ಟುತ್ವೆ, ಆಮೇಲೆ ಅದನ್ನೂ ಕಿತ್ತು ಒರಟು ಮೂಳೆ, ಆಮೇಲೆ ತಿಂಗಳುಗಟ್ಟಲೆ ಕೂತು ಅದನ್ನೇ ಕೆತ್ತಿ ಕೆತ್ತಿ ನೀಟು ಮಾಡ್ತವೆ. ಸಣ್ಣ ಬಿರುಕಾದ್ರೆ ಈ ಹೆಪ್ಪೇ ಸಾಕು, ಪುತ್ತೂರು ಕಟ್ಟು ಕಟ್ಟಿಸ್ಕೊಂಡು ಬಂದೋರ ಕೈ ಕೂಡ ಕೂಡೋದು ಇದರಿಂದಾನೇ, ಬಿದಿರು ದಬ್ಬೆ ಅಲುಗಾಡದ ಹಾಗೆ ಹಿಡಿದಿರುತ್ತೆ, ಒಳಗಿನ ಕೆಲಸ ಮೈಯೇ ಮಾಡ್ಕೊಳುತ್ತೆ, ಹೆಸರು ಮಾತ್ರ ಮೇಲೆ ಮೆತ್ತಿದ ಮೊಟ್ಟೆ ಬಿಳಿಗೂ ಸೊಪ್ಪಿಗೂ. ತೊಂದರೆ ಶುರುವಾಗೋದು ನಮ್ಮ ಹುಡುಗನ ಥರ ನಡುವೆ ಒಂದು ತುಂಡೇ ಮಾಯವಾದಾಗ. ಆ ಗ್ಯಾಪ್ ಒಂದು ಮಿತಿ ದಾಟಿದ್ರೆ ಹೆಪ್ಪು ಅಷ್ಟು ದೂರ ಸೇತುವೆ ಕಟ್ಟಲ್ಲ, ಮೂಳೆ ಬದಲು ನಾರು ತುಂಬ್ಕೊಳುತ್ತೆ, ವರ್ಷಗಟ್ಟಲೆ ಕಾದ್ರೂ ಅಷ್ಟೇ.

ಈಗ ಅದಕ್ಕೆ ಮಾಡೋದು ಸೊಂಟದ ಮೂಳೆಯಿಂದ ಕೆರೆದು ತಂದು ಗ್ಯಾಪ್‌ಗೆ ತುಂಬೋದು. ಅದಕ್ಕಿಂತ ಒಳ್ಳೇದು ಇವತ್ತಿಗೂ ಬಂದಿಲ್ಲ, ಯಾಕಂದ್ರೆ ಅದರಲ್ಲಿ ಜೀವಕೋಶ ಇದೆ, ಕಾಲ್ಸಿಯಂ ಇದೆ, ಬೆಳೆಸೋ ಪ್ರೋಟೀನ್ ಇದೆ, ನಮ್ಮದೇ ಆದ್ದರಿಂದ ಮೈ ಜಗಳ ಆಡಲ್ಲ. ಆದ್ರೆ ಸೊಂಟದಲ್ಲಿ ಎಷ್ಟು ಅಂತ ಇರುತ್ತೆ, ತೆಗೆದ ಜಾಗ ನೋಯುತ್ತೆ, ಕೆಲವರಿಗೆ ಕಾಲಿಗಿಂತ ಸೊಂಟದ ನೋವೇ ಜಾಸ್ತಿ ದಿನ ಇರುತ್ತೆ. ಇನ್ನು ಇಲಿಜಾರೋವ್ ರಿಂಗ್. ಸೈಬೀರಿಯಾದ ಕುರ್ಗಾನ್ ಅನ್ನೋ ಊರಿನ ಡಾಕ್ಟ್ರು ಶುರು ಮಾಡಿದ್ದು, ಕಾಲ ಸುತ್ತ ಉಕ್ಕಿನ ಬಳೆ, ಒಳಗೆ ತಂತಿ, ಮೂಳೇನ ಇನ್ನೊಂದು ಕಡೆ ಕತ್ತರಿಸಿ ಆ ತುಂಡನ್ನ ದಿನಕ್ಕೆ 1 ಮಿಲಿಮೀಟರ್ ಜರುಗಿಸ್ತಾ ಹೋಗೋದು, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬ್ಕೊಂಡು ಬರುತ್ತೆ. ನಮ್ಮ ಹುಡುಗನಿಗೆ ಈಗ ಹಾಕಿರೋದು ಅದೇ. ದಿನಕ್ಕೆ ನಾಲ್ಕು ಸಲ ಕಾಲು ಕಾಲು ಮಿಲಿಮೀಟರ್ ಅಂತ ನಟ್ ತಿರುಗಿಸ್ತಾನೆ, ಸ್ಪ್ಯಾನರ್ ದಿಂಬಿನ ಕೆಳಗೇ ಇರುತ್ತೆ. 40 ದಿನದಲ್ಲಿ ಮೂಳೆ ಆ ಕಡೆ ಮುಟ್ಟಿದ್ರೂ ಅದು ಗಟ್ಟಿಯಾಗೋಕೆ ಇನ್ನೂ ತಿಂಗಳುಗಳು ಬೇಕು, ಅಲ್ಲೀವರೆಗೆ ಬಳೆ ಕಾಲಲ್ಲೇ. ಪ್ಯಾಂಟ್ ಹಾಕೋಕಾಗಲ್ಲ, ಲುಂಗೀಲೇ ಇದಾನೆ.

ಅದಕ್ಕೂ ಮುಂಚೆ ಕೀವು ಇದ್ದಾಗ ಆಂಟಿಬಯಾಟಿಕ್ ಕಲಸಿದ ಸಿಮೆಂಟ್ ಉಂಡೆಗಳನ್ನ ತಂತೀಲಿ ಪೋಣಿಸಿ ಸರದ ಥರ ಗಾಯದೊಳಗೆ ಇಟ್ಟಿದ್ರು. ಔಷಧಿ ಅಲ್ಲೇ ಇಳಿಯುತ್ತೆ, ಒಳ್ಳೆ ಉಪಾಯ. ಆದ್ರೆ ಆ ಸಿಮೆಂಟ್ ಅಕ್ರಿಲಿಕ್ಕು, ಜನ್ಮದಲ್ಲಿ ಕರಗಲ್ಲ, ಅದನ್ನ ತೆಗೆಯೋಕೇ ಇನ್ನೊಂದು ಆಪರೇಷನ್, ಇನ್ನೊಂದು ಅನಸ್ತೇಷಿಯಾ, ಇನ್ನೊಂದು ಬಿಲ್ಲು. ಕರಗೋದು ಬೇಕು ಅಂತ ಯಾಕೆ ಒದ್ದಾಡ್ತಾರೆ ಅನ್ನೋದು ನನಗೆ ಅವತ್ತು ಆಸ್ಪತ್ರೆ ಕಾರಿಡಾರಲ್ಲಿ ಕೂತಾಗ ಅರ್ಥ ಆಯ್ತು. ಕರಗೋದನ್ನ ತುಂಬೋ ಆಸೆ ಹಳೇದೇ, 1892ರಲ್ಲೇ ಡ್ರೀಸ್‌ಮನ್ ಅನ್ನೋ ಜರ್ಮನ್ ಡಾಕ್ಟ್ರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂಳೆ ತೂತಿಗೆ ತುಂಬಿ ನೋಡಿದ್ದ.

ಈಗ ಜೆಲ್‌ಗಳನ್ನ ಯಾವುದರಿಂದ ಮಾಡ್ತಾರೆ ಅನ್ನೋದು, ಇಲ್ಲಿ ನನಗೆ ಸ್ವಲ್ಪ ಖುಷಿ, ಸ್ವಲ್ಪ ಜಾಸ್ತೀನೇ ಬರೀತೀನಿ ಕ್ಷಮಿಸಿ. ಒಂದು ಜೆಲಟಿನ್, ಕ್ಯಾಪ್ಸೂಲ್ ಮಾತ್ರೆ ಹೊರಗಿನ ಸಿಪ್ಪೆ, ಅದನ್ನ ಮಾಡೋದೇ ದನದ ಮೂಳೆ ಚರ್ಮ ಬೇಯಿಸಿ, ಅಂದ್ರೆ ಮೂಳೆಯಿಂದ ತೆಗೆದು ಮೂಳೆಗೇ ಹಾಕೋದು. ಬರೀ ಜೆಲಟಿನ್ ಮೈ ಬಿಸಿಗೇ ನೀರಾಗಿಬಿಡುತ್ತೆ, ಅದಕ್ಕೆ ಅದರ ಅಣುಗಳಿಗೆ ಒಂದೊಂದು ಕೊಂಡಿ ಸೇರಿಸಿ ಬೆಳಕು ಬಿಟ್ಟು ಗಟ್ಟಿ ಮಾಡ್ತಾರೆ, ಹಲ್ಲಿನ ಡಾಕ್ಟ್ರು ಫಿಲ್ಲಿಂಗ್ ಮಾಡಿ ನೀಲಿ ಲೈಟ್ ಹಿಡೀತಾರಲ್ಲ ಹೆಚ್ಚುಕಮ್ಮಿ ಆ ಥರ. ಇನ್ನೊಂದು ಆಲ್ಜಿನೇಟ್, ಸಮುದ್ರದ ಕಂದು ಪಾಚಿಯದು, ಹಲ್ಲಿನ ಅಚ್ಚು ತೆಗೆಯೋಕೆ ಬಾಯಿಗೆ ತುರುಕೋ ಆ ಗಟ್ಟಿ ಪೇಸ್ಟು ಅದೇ, ಅದಕ್ಕೆ ಕಾಲ್ಸಿಯಂ ಸಿಕ್ಕಿದ್ರೆ ಸಾಕು ಜೆಲ್ ಆಗುತ್ತೆ. ಇನ್ನೊಂದು ಕೈಟೋಸಾನ್, ಸಿಗಡಿ ಏಡಿ ಚಿಪ್ಪಿಂದ ಬರೋದು, ಮಲ್ಪೆ ಮಂಗಳೂರು ಕಡೆಯೋರು ಸಿಗಡಿ ಸುಲಿದು ಬಿಸಾಕೋ ಸಿಪ್ಪೆ. 2000ನೇ ಇಸವೀಲಿ ಕೆನಡಾದೋರು ಇದಕ್ಕೆ ಗ್ಲಿಸರೋಫಾಸ್ಫೇಟ್ ಅನ್ನೋ ಉಪ್ಪು ಸೇರಿಸಿ ಒಂದು ಮಜಾ ತೋರಿಸಿದ್ರು, ತಣ್ಣಗಿದ್ದಾಗ ನೀರು, ಮೈಯೊಳಗೆ 37 ಡಿಗ್ರಿ ತಲುಪಿದ್ರೆ ಕೆಲವೇ ನಿಮಿಷದಲ್ಲಿ ಜೆಲ್. ಅಂದ್ರೆ ಸಿರಿಂಜಲ್ಲಿ ಹಾಕ್ಬೋದು, ಗಾಯ ಎಂಥ ಅಡ್ಡಾದಿಡ್ಡಿ ಆಕಾರದಲ್ಲಿದ್ರೂ ಸಂದಿಗೊಂದಿಗೆಲ್ಲ ಹೋಗಿ ಕೂರುತ್ತೆ. ನಿಮ್ಮ ಚಿತ್ರದಲ್ಲಿದ್ದ ಸಿರಿಂಜಿನ ಆಸೆ ಇದೇ.

ಇನ್ನು ರೇಷ್ಮೆ. ನಾನು ರಾಮನಗರದೋನು, ನಮ್ಮಪ್ಪ ರೀಲರು, ಅಂದ್ರೆ ಗೂಡಿಂದ ನೂಲು ತೆಗೆಯೋರು, ಗೂಡು ಬೇಯೋ ವಾಸನೇಲೇ ಎಸ್ಸೆಸ್ಸೆಲ್ಸಿ ಓದಿದೋನು ನಾನು. ಗೂಡನ್ನ ಬಿಸಿನೀರಲ್ಲಿ ಹಾಕೋದು ಯಾಕೆ, ಎಳೆ ಮೇಲಿನ ಅಂಟು ಮೆತ್ತಗಾಗಿ ಎಳೆ ಬಿಡಲಿ ಅಂತ, ಆ ಅಂಟಿಗೆ ಸೆರಿಸಿನ್ ಅಂತಾರೆ, ಗೂಡಿನ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಒಳಗಿನ ಎಳೆ ಫೈಬ್ರಾಯಿನ್. ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯ ಡೇವಿಡ್ ಕಪ್ಲಾನ್ ಗುಂಪು 2011ರಲ್ಲಿ ಇದರ ಪೂರ್ತಿ ಅಡುಗೆ ವಿಧಾನ ಬರೆದಿಟ್ಟಿದೆ, ಗೂಡು ಕತ್ತರಿಸಿ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಕುದಿಸಿ ಅಂಟು ತೆಗೀಬೇಕು, ಒಣಗಿಸಿ ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ 60 ಡಿಗ್ರೀಲಿ ನಾಲ್ಕು ಗಂಟೆ ಇಟ್ಟು ಕರಗಿಸಬೇಕು, ಆಮೇಲೆ ಎರಡು ದಿನ ನೀರು ಬದಲಿಸ್ತಾ ಬದಲಿಸ್ತಾ ಉಪ್ಪೆಲ್ಲ ಹೊರಗೆ ಬಿಡಬೇಕು. ಉಳಿಯೋದು ತಿಳಿ ಹಳದಿ ನೀರು. ಅದನ್ನ ಅಲುಗಿಸಿದ್ರೆ, ಶಬ್ದದ ಅಲೆ ಬಿಟ್ರೆ, ಹುಳಿ ಮಾಡಿದ್ರೆ ಅಣುಗಳು ಮಡಚಿ ಮಡಚಿ ಹಾಳೆ ಹಾಳೆಯಾಗಿ ಒಂದಕ್ಕೊಂದು ಅಂಟ್ಕೊಂಡು ತಾವೇ ಜೆಲ್ ಆಗ್ತವೆ, ಹೊರಗಿನ ವಿಷದ ಕೆಮಿಕಲ್ ಏನೂ ಬೇಡ. ನಮ್ಮಪ್ಪನ ಜೀವನವೆಲ್ಲ ಎಳೆ ಕಡಿದು ಹೋಗದ ಹಾಗೆ ಕಾಯೋದ್ರಲ್ಲೇ ಹೋಯ್ತು, ಇವರು ಅದೇ ಎಳೇನ ಬೇಕಂತಲೇ ನೀರು ಮಾಡ್ತಾರೆ, ಅಪ್ಪ ಇದ್ದಿದ್ರೆ ಬೈದಿರೋರು.

ಬರೀ ಜೆಲ್ ಹಾಕಿದ್ರೆ ಸಾಲಲ್ಲ ಅಂತ ಅದಕ್ಕೆ ಬೆರೆಸೋದೂ ಉಂಟು. ಮೂಳೆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಹತ್ತಿರ ಕಾಲ್ಸಿಯಂ ಫಾಸ್ಫೇಟೇ, ಅದನ್ನ ನುಣ್ಣಗೆ ಪುಡಿ ಮಾಡಿ ಕಲಸ್ತಾರೆ. ಇಲ್ಲಾಂದ್ರೆ ಬಯೋಗ್ಲಾಸ್. ಅದರ ಕತೆ ಚೆನ್ನಾಗಿದೆ, 1967ರಲ್ಲಿ ಲ್ಯಾರಿ ಹೆಂಚ್ ಅನ್ನೋ ಫ್ಲಾರಿಡಾದ ಗಾಜಿನ ಮೇಷ್ಟ್ರು ಬಸ್ಸಲ್ಲಿ ಹೋಗ್ತಿದ್ದಾಗ ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಒಬ್ಬ ಕರ್ನಲ್ ಕೂತಿದ್ದ, ಅವನು ನಮ್ಮ ಹುಡುಗರ ಕೈಕಾಲು ಕತ್ತರಿಸಬೇಕಾಗ್ತಿದೆ, ಮೈ ಒಪ್ಪಿಕೊಳ್ಳೋ ಸಾಮಾನು ಏನಾದ್ರೂ ಮಾಡೋಕಾಗುತ್ತಾ ಅಂತ ಕೇಳಿದ. ಎರಡು ವರ್ಷಕ್ಕೆ ಹೆಂಚ್ ಒಂದು ಗಾಜು ಮಾಡಿ ಇಲಿ ಮೂಳೇಲಿ ಕೂರಿಸಿದ್ರೆ ಆರು ವಾರ ಆದ್ಮೇಲೆ ಎಳೆದ್ರೂ ಬರ್ಲಿಲ್ಲವಂತೆ, ಮೂಳೆ ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡಿತ್ತು. ಬಸ್ಸಲ್ಲಿ ಮಾತಾಡಿದ್ರೆ ಇಂಥದ್ದೂ ಆಗುತ್ತೆ, ನಾವು ಎಲ್ಲ ಫೋನ್ ನೋಡ್ತಾ ಕೂತಿರ್ತೀವಿ.

ಇಷ್ಟೆಲ್ಲ ಇದ್ಮೇಲೆ ನಮ್ಮ ಹುಡುಗನಿಗ್ಯಾಕೆ ಆಗಲ್ಲ? ನಿಮ್ಮ ಸುದ್ದೀಲಿ ಒಂದೇ ಪದದಲ್ಲಿ ದಾಟಿಸಿದ್ರಲ್ಲ, ‘ಕರಗುತ್ತೆ’ ಅಂತ, ಆ ಪದದಲ್ಲೇ ಎಲ್ಲ ಸಿಕ್ಕಾಕೊಂಡಿರೋದು.

ಮನೆ ಕಟ್ಟಿದೋರಿಗೆ ಗೊತ್ತಿರುತ್ತೆ, ಮೌಲ್ಡ್ ಹಾಕಿದ್ಮೇಲೆ ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಅನ್ನೋದೇ ದೊಡ್ಡ ವಿಷಯ. ಬೇಗ ಬಿಚ್ಚಿದ್ರೆ ಸೂರು ಬೀಳುತ್ತೆ, ಬಿಚ್ಚದೇ ಇದ್ರೆ ಒಳಗೆ ಮುಂದಿನ ಕೆಲಸ ನಡಿಯಲ್ಲ. ಮೇಸ್ತ್ರಿ ಬಂದು ತಟ್ಟಿ ನೋಡಿ ಬಿಚ್ಚಿಸ್ತಾನೆ. ಜೆಲ್ ಅನ್ನೋದು ತಾನಾಗೇ ಬಿಚ್ಕೊಳೋ ಸೆಂಟ್ರಿಂಗು, ಆದ್ರೆ ಒಳಗೆ ತಟ್ಟಿ ನೋಡೋಕೆ ಮೇಸ್ತ್ರಿ ಇಲ್ಲ. ಮೂಳೆ ಬೆಳೆಯೋ ವೇಗಕ್ಕೆ ಸರಿಯಾಗಿ ಜೆಲ್ ಕರಗಬೇಕು, ಎರಡು ವಾರಕ್ಕೇ ಕರಗಿದ್ರೆ ಗ್ಯಾಪ್ ಮತ್ತೆ ಗ್ಯಾಪೇ, ಎರಡು ವರ್ಷ ಕೂತ್ರೆ ಮೂಳೆಗೆ ಅದೇ ಅಡ್ಡ. ಅದೂ ಎಲ್ಲರಿಗೂ ಒಂದೇ ವೇಗ ಅಲ್ಲ, 26ರ ಹುಡುಗ ಬೇರೆ, ಶುಗರ್ ಇರೋ 60ರ ನಾನು ಬೇರೆ, ಬೀಡಿ ಸೇದೋರು ಬೇರೆ.

ಕರಗೋ ರೀತಿಯೂ ಒಂದೊಂದಕ್ಕೆ ಒಂದೊಂದು. ಪಾಲಿಲ್ಯಾಕ್ಟಿಕ್ ಜಾತಿಯ ಪ್ಲಾಸ್ಟಿಕ್‌ಗಳು ನೀರಿಂದಲೇ ಕಡಿದು ಬೀಳ್ತವೆ, ಬಿದ್ದಾಗ ಬರೋದು ಲ್ಯಾಕ್ಟಿಕ್ ಆಸಿಡ್, ಮೊಸರಿನ ಹುಳಿ, ಸ್ವಲ್ಪ ಸ್ವಲ್ಪ ಬಂದ್ರೆ ಮೈ ತೊಳ್ಕೊಂಡು ಹೋಗುತ್ತೆ, ಒಟ್ಟಿಗೆ ಬಂದ್ರೆ ಆ ಜಾಗ ಹುಳಿಯಾಗಿ ಊತ. ಕೈಟೋಸಾನ್‌ನ ಕಡಿಯೋದು ಲೈಸೋಜೈಮ್ ಅನ್ನೋ ಕಿಣ್ವ, ನಮ್ಮ ಕಣ್ಣೀರು ಜೊಲ್ಲಲ್ಲೂ ಇರೋದು, ಚಿಪ್ಪಿಂದ ತೆಗೆಯುವಾಗ ಅದರ ಅಣುವಿಗೆ ಅಂಟಿರೋ ಅಸಿಟೈಲ್ ಅನ್ನೋ ತುಣುಕುಗಳನ್ನ ಎಷ್ಟು ಉಳಿಸಿದ್ರು ಅನ್ನೋದರ ಮೇಲೆ ವೇಗ. ಆಲ್ಜಿನೇಟ್‌ನ ಕಡಿಯೋ ಕಿಣ್ವ ನಮ್ಮ ಮೈಲಿ ಇಲ್ಲವೇ ಇಲ್ಲ! ಕಾಲ್ಸಿಯಂ ಸೋರಿ ಜೆಲ್ ಸಡಿಲ ಆಗುತ್ತೆ ಹೊರತು ಅಣು ತುಂಡಾಗಲ್ಲ, ಅದಕ್ಕೆ ಮೊದಲೇ ಅದನ್ನ ಆಕ್ಸಿಡೈಸ್ ಮಾಡಿ ಅಲ್ಲಲ್ಲಿ ದುರ್ಬಲ ಮಾಡಿರಬೇಕು. ಇನ್ನು ನಮ್ಮ ರೇಷ್ಮೆ, ಆಪರೇಷನ್ ಹೊಲಿಗೆ ದಾರದ ಪ್ಯಾಕೆಟ್ ಮೇಲೆ ರೇಷ್ಮೆಗೆ ‘ಕರಗದ ದಾರ’ ಅಂತಲೇ ಹಾಕಿರ್ತಾರೆ, ಆದ್ರೆ ಮೈಯೊಳಗೆ ಬಿಟ್ರೆ ವರ್ಷದ ಹೊತ್ತಿಗೆ ಶಕ್ತಿ ಕಳ್ಕೊಂಡು ಆಮೇಲೆ ಮೆಲ್ಲಗೆ ಕರಗೇ ಹೋಗುತ್ತೆ. ಹಾಳೆ ಜಾಸ್ತಿ ಮಡಚಿದ್ರೆ ನಿಧಾನ, ಕಮ್ಮಿ ಮಡಚಿದ್ರೆ ಬೇಗ. ಅಂದ್ರೆ ಒಂದೇ ಗೂಡಿಂದ ವಾರದಲ್ಲಿ ಕರಗೋದೂ ಮಾಡ್ಬೋದು, ವರ್ಷಗಟ್ಟಲೆ ಕೂರೋದೂ ಮಾಡ್ಬೋದು. ‘ಕರಗುತ್ತೆ’ ಅಂದ್ರೆ ಇದರಲ್ಲಿ ಯಾವುದು ಸ್ವಾಮಿ?

ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆ ಅನ್ಸಿದ್ದು 2003ರಲ್ಲಿ ಜ್ಯೂರಿಕ್‌ನ ಜೆಫ್ರಿ ಹಬಲ್ ಗುಂಪಿನೋರು ತೋರಿಸಿದ್ದು. ಜೆಲ್ಲಿನ ಬಲೆಯ ಗಂಟುಗಳನ್ನ ಮಾಮೂಲಿ ಕೊಂಡಿಯಿಂದ ಹಾಕದೆ ಸಣ್ಣ ಪ್ರೋಟೀನ್ ತುಂಡಿಂದ ಹಾಕಿದ್ರು, ಎಂಥ ತುಂಡು ಅಂದ್ರೆ ಜೀವಕೋಶಗಳು ದಾರಿ ಮಾಡ್ಕೊಳೋಕೆ ಬಿಡೋ ಕಿಣ್ವದಿಂದ ಮಾತ್ರ ಕಡಿಯೋಕಾಗೋದು. ಜೀವಕೋಶ ಬಂದ್ರೆ ಬಾಗಿಲು ತೆಗೆಯುತ್ತೆ, ಬರದಿದ್ರೆ ಹಾಗೇ ಇರುತ್ತೆ. ತಟ್ಟಿ ನೋಡೋ ಮೇಸ್ತ್ರೀನ ಒಳಗೇ ಕೂರಿಸಿದ ಹಾಗೆ. ಇಲಿ ತಲೆಬುರುಡೇಲಿ ಚೆನ್ನಾಗೇ ಕೆಲಸ ಮಾಡ್ತು. ಅದಾಗಿ ಇಪ್ಪತ್ತು ವರ್ಷ ದಾಟಿದ್ರೂ ನಮ್ಮ ಹುಡುಗ ಸ್ಪ್ಯಾನರೇ ಹಿಡ್ಕೊಂಡಿದಾನೆ.

ಇಲಿ ತಲೆಬುರುಡೆ ಅಂದ್ನಲ್ಲ, ಅಲ್ಲೇ ಇನ್ನೊಂದು ಗುಟ್ಟು. ಇಂಥ ಪ್ರಯೋಗಗಳಲ್ಲಿ ಸುಮಾರು ಮಾಡೋದು ಇಲಿ ತಲೆಬುರುಡೇಲಿ ಕೆಲವು ಮಿಲಿಮೀಟರ್ ಅಗಲದ ತೂತು ಕೊರೆದು ಜೆಲ್ ತುಂಬಿ ವಾರಗಳು ಬಿಟ್ಟು ನೋಡೋದು. ಸುಲಭ, ಖರ್ಚು ಕಮ್ಮಿ, ತಪ್ಪೇನಿಲ್ಲ. ಆದ್ರೆ ತಲೆಬುರುಡೆ ಮೇಲೆ ಭಾರ ಬೀಳಲ್ಲ, ಇಲಿ ತಲೇಲಿ ನಡೆಯಲ್ಲವಲ್ಲ! ಕಾಲಿನ ಮೂಳೆ ಮೇಲೆ ಹೆಜ್ಜೆ ಹೆಜ್ಜೆಗೂ ಮೈಭಾರ. ಮೂಳೆ ಗಟ್ಟಿತನ ಗಿಗಾಪಾಸ್ಕಲ್ ಲೆಕ್ಕ, ಜೆಲ್ಲಿಂದು ಕಿಲೋಪಾಸ್ಕಲ್ ಲೆಕ್ಕ, ನಡುವೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಜೆಲ್ ಎಷ್ಟೇ ಒಳ್ಳೇದಾದ್ರೂ ಮೂಳೆ ಗಟ್ಟಿಯಾಗೋವರೆಗೆ ಭಾರ ಹೊರೋಕೆ ರಾಡೋ ಪ್ಲೇಟೋ ರಿಂಗೋ ಬೇಕೇ ಬೇಕು. ಇದನ್ನ ತಂಗಿಗೆ ಹೇಳಿದಾಗ ಅವಳ ಮುಖ ಸಪ್ಪೆ ಆಯ್ತು, ಅವಳು ಅಂದ್ಕೊಂಡಿದ್ದು ಜೆಲ್ ಹಾಕಿದ್ರೆ ಬಳೆ ಬಿಚ್ಚಬಹುದು ಅಂತ. ದೊಡ್ಡ ಗ್ಯಾಪಲ್ಲಿ ರಕ್ತನಾಳ ಬೆಳೆಯೋದೂ ಕಷ್ಟ, ರಕ್ತನಾಳದಿಂದ ಕೂದಲೆಳೆಯ ಎರಡು ಮೂರು ಪಟ್ಟು ದೂರ ಆದ್ರೆ ಸಾಕು ಜೀವಕೋಶ ಉಸಿರುಗಟ್ಟುತ್ತೆ. ಇಲಿಯ ಸಣ್ಣ ತೂತಿಗೆ ಅಂಚಿಂದ ಬೇಗ ಬಂದು ಮುಟ್ಟುತ್ತೆ, ನಮ್ಮ ಹುಡುಗನ 4 ಸೆಂಟಿಮೀಟರ್ ನಡುವಿಗೆ ಯಾವಾಗ ಮುಟ್ಟಬೇಕು.

ಅವಸರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕತೆ ಇದೆ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಅನ್ನೋ ಅಮೆರಿಕದ ಡಾಕ್ಟ್ರು ಮೂಳೇನ ಆಸಿಡ್‌ನಲ್ಲಿ ನೆನೆಸಿ ಕಾಲ್ಸಿಯಂ ತೆಗೆದು ಉಳಿದಿದ್ದನ್ನ ಪ್ರಾಣಿಗಳ ಮಾಂಸಖಂಡದಲ್ಲಿ ಇಟ್ರೆ ಅಲ್ಲೇ ಮೂಳೆ ಬೆಳೆದಿತ್ತು, ಮಾಂಸದೊಳಗೆ! ಅದರೊಳಗಿನ ಮೂಳೆ ಬೆಳೆಸೋ ಪ್ರೋಟೀನ್‌ಗೆ ಆಮೇಲೆ ಬಿಎಂಪಿ ಅಂತ ಹೆಸರಾಯ್ತು. 2002ರಲ್ಲಿ ಅದನ್ನ ಕೊಲಾಜನ್ ಅನ್ನೋ ಪ್ರೋಟೀನಿನ ಸ್ಪಂಜಲ್ಲಿ ನೆನೆಸಿ ಬೆನ್ನುಮೂಳೆ ಆಪರೇಷನ್‌ಗೆ ಬಳಸೋಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ತು. ಮೈಲಿ ಸಹಜವಾಗಿ ನ್ಯಾನೋಗ್ರಾಂ ಲೆಕ್ಕದಲ್ಲಿ ಇರೋದನ್ನ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಬೇಕಾಗಿತ್ತು, ಯಾಕಂದ್ರೆ ಸ್ಪಂಜು ಅದನ್ನ ಹಿಡಿದಿಡಲ್ಲ, ಮೊದಲ ದಿನಗಳಲ್ಲೇ ಬಹಳಷ್ಟು ಬಿಟ್ಟುಬಿಡುತ್ತೆ. ಒಪ್ಪಿಗೆ ಇಲ್ಲದ ಕತ್ತಿನ ಮೂಳೆಗೂ ಡಾಕ್ಟ್ರುಗಳು ಬಳಸೋಕೆ ಶುರು ಮಾಡಿದ್ರು, ಗಂಟಲು ಊದಿ ಉಸಿರಾಟಕ್ಕೇ ತೊಂದರೆ ಆದ ಕೇಸು ಬಂದು 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯ್ತು. ಪ್ರೋಟೀನ್ ಕೆಟ್ಟದ್ದಲ್ಲ, ಹಿಡಿದು ಹಿಡಿದು ಬಿಡೋ ಬುಟ್ಟಿ ಸರಿ ಇರಲಿಲ್ಲ. ಈಗಿನ ಜೆಲ್‌ನೋರು ಒದ್ದಾಡ್ತಿರೋದು ಆ ಬುಟ್ಟಿಗೇ, ಚಿಟಿಕೆ ಮದ್ದನ್ನ ವಾರಗಟ್ಟಲೆ ಹನಿ ಹನಿ ಬಿಡೋ ಬುಟ್ಟಿ.

ಇದು ಆಗದ ಕೆಲಸ ಅಂತ ನಾನು ಹೇಳ್ತಿಲ್ಲ, ತಿಳ್ಕೊಳಿ. ಪಕ್ಕದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೇಲಿ ಡಾ. ಎಂ. ಎಸ್. ವಲಿಯತ್ತಾನ್ ಹೃದಯದ ಕವಾಟ ಮಾಡೋಕೆ ಹೊರಟಾಗ ಮೊದಲ ಮೂರು ಮಾಡೆಲ್ ಕೈಕೊಟ್ಟವು, ನಾಲ್ಕನೇದು ಕುರಿಗಳಲ್ಲಿ ಪಾಸಾದ್ಮೇಲೆ 1990ರ ಡಿಸೆಂಬರಲ್ಲಿ ಮನುಷ್ಯನಿಗೆ ಕೂರಿಸಿದ್ರು. ಆಸ್ಪತ್ರೆ, ಎಂಜಿನಿಯರು, ಕುರಿ ಎಲ್ಲ ಒಂದೇ ಸಂಸ್ಥೆ ಕೈಯಲ್ಲಿತ್ತು, ಅದಕ್ಕೇ ಆಯ್ತು. ಅವರೇ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಬಿಕ್ರಮ್‌ಜಿತ್ ಬಸು ಅವರ ಗುಂಪು ಮೂಳೆಗೆ ಹಾಕೋ ಸಾಮಾನುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ, ಅವರಿಗೆ 2013ರಲ್ಲಿ ವಿಜ್ಞಾನಿಗಳಿಗೆ ಕೊಡೋ ಭಟ್ನಾಗರ್ ಪ್ರಶಸ್ತೀನೂ ಬಂತು. ಗೂಡು ನಮ್ಮಲ್ಲಿದೆ, ಸಿಗಡಿ ಸಿಪ್ಪೆ ನಮ್ಮಲ್ಲಿದೆ, ಬಿದ್ದು ಕಾಲು ಮುರ್ಕೊಳೋರಿಗಂತೂ ಬರವೇ ಇಲ್ಲ. ನನ್ನ ಲೆಕ್ಕದಲ್ಲಿ ದುಡ್ಡು ಹಾಕಬೇಕಾಗಿರೋದು ಇನ್ನೊಂದು ಹೊಸ ಜೆಲ್‌ಗಲ್ಲ, ಇರೋ ಜೆಲ್‌ನ ಕುರಿ ಕಾಲಲ್ಲಿ ಎರಡು ವರ್ಷ ಇಟ್ಟು ನೋಡೋ ಬೋರಿಂಗ್ ಕೆಲಸಕ್ಕೆ. ಆ ಕೆಲಸಕ್ಕೆ ದೊಡ್ಡ ಹೆಸರು ಬರಲ್ಲ, ನೀಲಿ ಬಣ್ಣದ ಚಿತ್ರಾನೂ ಬರಲ್ಲ. ಆಮೇಲೂ 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಎ ಬಿ ಸಿ ಡಿ ಅಂತ ಅಪಾಯದ ವರ್ಗ ನೋಡಿ ಪರೀಕ್ಷೆ, ಪರವಾನಗಿ. ನಿಧಾನ ಅಂತ ಬೈಬೇಡಿ, ಮೈಯೊಳಗೆ ಬಿಟ್ಟ ಜೆಲ್‌ನ ವಾಪಸ್ ಹೆಕ್ಕಿ ತೆಗೆಯೋಕಾಗಲ್ಲ.

ನಿಮ್ಮ ಹತ್ರ ನಾನು ಕೇಳ್ಕೊಳೋದು ಇಷ್ಟೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ, ಬಂದೇ ಬರುತ್ತೆ, ಎರಡು ಸಾಲು ಜಾಸ್ತಿ ಕೊಡಿ. ಗಾಜಿನ ತಟ್ಟೇಲಿ ನೋಡಿದ್ದಾ, ಇಲೀಲಾ, ಕುರೀಲಾ, ಮನುಷ್ಯರಲ್ಲಾ ಅಂತ ಹೆಡ್ಡಿಂಗಲ್ಲೇ ಹಾಕಿ, ಆ ಮೂಳೆ ಭಾರ ಹೊರೋದಾ ಅಲ್ವಾ, ಎಷ್ಟು ವಾರಕ್ಕೆ ಕರಗಿತು, ಕರಗಿ ಏನಾಯ್ತು ಅಂತ ವರದಿಗಾರರು ಒಂದು ಫೋನ್ ಮಾಡಿ ಕೇಳಲಿ. ವಿಜ್ಞಾನಿಗಳು ಹೇಳ್ತಾರೆ, ಅವರ ಪೇಪರಲ್ಲೂ ಬರೆದೇ ಇರ್ತಾರೆ, ನಡುವೆ ಎಲ್ಲೋ ಬಿದ್ದು ಹೋಗುತ್ತೆ. ‘ಇಲಿ ತಲೆಬುರುಡೆಯಲ್ಲಿ ಯಶಸ್ವಿ’ ಅಂತ ಹೆಡ್ಡಿಂಗ್ ಕೊಟ್ರೆ ಓದೋರು ಕಮ್ಮಿ ಆಗ್ಬೋದು, ಆಗಲಿ ಬಿಡಿ. ಆಸ್ಪತ್ರೆ ವಾರ್ಡಲ್ಲಿ ನಿಮ್ಮ ಪೇಪರ್‌ನ ಬೇರೆ ಥರ ಓದ್ತಾರೆ. ಅಲ್ಲಿ ಒಂದೇ ಪೇಪರು ಹತ್ತು ಮಂಚ ಸುತ್ತುತ್ತೆ, ಕ್ರೀಡಾ ಪುಟ ಒಬ್ಬರ ಕೈಲಿ, ಭವಿಷ್ಯ ಇನ್ನೊಬ್ಬರ ಕೈಲಿ, ಇಂಥ ಸುದ್ದಿ ಇದ್ದ ಪುಟ ಮಾತ್ರ ವಾಪಸ್ ಬರಲ್ಲ, ಯಾರೋ ಕತ್ತರಿಸಿ ಇಟ್ಕೊಂಡಿರ್ತಾರೆ.

ತಂಗಿ ಆ ತುಂಡು ಇನ್ನೂ ಬಿಸಾಕಿಲ್ಲ. ಎಕ್ಸ್‌ರೇ ಕವರಲ್ಲೇ ಇದೆ, ಇಷ್ಟೆಲ್ಲ ಹೇಳಿದ ಮೇಲೂ. "ಇರಲಿ ಅಣ್ಣ, ಅವನ ಮಕ್ಕಳ ಕಾಲಕ್ಕಾದ್ರೂ ಬರುತ್ತೆ" ಅಂದ್ಲು. ಹುಡುಗ ಅಲ್ಲೇ ಮಂಚದ ಮೇಲೆ ಕೂತಿದ್ದ, ಮೊದಲು ಮದುವೆ ಆಗಲಿ ಸುಮ್ನಿರಮ್ಮ ಅಂತ ನಗ್ತಾ ಮಧ್ಯಾಹ್ನದ ನಟ್ ತಿರುಗಿಸ್ಕೊಂಡ.

ಇಂತಿ,
ನಿಮ್ಮ ಓದುಗ, ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ರಾಮನಗರ